ತಬ್ರೀಜಿನ ದಾರಿಯಲ್ಲಿ ಬಿಗಿದ ಫರ್ಮಾನು

ಖಜ್ವೀನ್

ಇರಾನಿನಲ್ಲಿ ಚಹದ ಲೋಟಕ್ಕೆ ಸಕ್ಕರೆ ಹಾಕುವುದಿಲ್ಲ. ಸಕ್ಕರೆಯ ತುಂಡೊಂದನ್ನು ಮುಂದಿನ ಹಲ್ಲುಗಳಲ್ಲಿ ಹಿಡಿದುಕೊಂಡು ಅದರ ಮೇಲಿಂದ ಬಿಸಿ ಚಹವನ್ನು ಹಾಯಿಸುತ್ತಾರೆ. ತೀರ ಸುಡುತ್ತಿದ್ದರೆ ಬಸಿಗೆ ಸುರುವಿಕೊಂಡು ಸೊರ್ರನೆ ಎಳೆಯುತ್ತಾರೆ, ಕೋಟು ಟೈ ಹಾಕಿದ ಜಂಟಲ್‌ಮನ್ನರೂ ಸಹ. ಬೆಳಗಾವಿಯ ಕಾನ್ವೆಂಟಿನಲ್ಲಿ ನನ್ನ ಹುಡುಗಿತನದ ಅರ್ಧ ಭಾಗ ಸಪ್ಪಳವಿಲ್ಲದೆ ಸಿಪ್ ಮಾಡುವುದನ್ನು ಕಲಿಯುವುದರಲ್ಲೇ ಹೋಗಿತ್ತು. ಮದುವೆಯಾಗಿ ಇಂಡಿಗೆ ಬಂದ ಮೇಲೆ ಆ ವಿದ್ಯೆಯನ್ನು ನಮ್ಮವರಿಗೆ ದಾಟಿಸಲು ಹೋಗಿ ಸೋತಿದ್ದೆ. ಖಜ್ವೀನಿನ ಚಹದಂಗಡಿಯಲ್ಲಿ ಅವರು ಬಸಿ ಎತ್ತಿ, ಸುತ್ತ ಕೂತವರನ್ನೆಲ್ಲ ನೋಡಿ, ಮುಖವರಳಿಸಿ ಹೇಳಿದರು.

"ನೋಡ್ ಖುರ್ಷಿದಾ, ಇದಕ್ಕ ದೇಶ ಅಂತಾರ. ಇಲ್ಲಿ ನಾನ ಕಾನ್ವೆಂಟ್, ನೀನ ಹಳ್ಳಿ."

"ಮೆಲ್ಲಕ ಕುಡೀರಿ, ಬಸ್ಸಿನವ ಹಾರ್ನ್ ಹೊಡಿಯಾಕತ್ತಾನ."

"ಹೊಡೀಲಿ ಬಿಡು. ಸಿಂದಗಿ ಸ್ಟ್ಯಾಂಡಿನ್ಯಾಗ ಹೊಡದಂಗ ಹೊಡೀತಾನ. ಇನ್ನ ಅರ್ಧಾ ತಾಸು ಬಿಡೂದಿಲ್ಲ."

ಸಿಂದಗಿಯ ಡ್ರೈವರ್ ಮೂರು ಸಲ ಹಾರ್ನ್ ಹೊಡೆದು, ಮತ್ತೊಮ್ಮೆ ಇಳಿದು ಎಲೆ ಅಡಿಕೆ ಹಾಕಿಕೊಂಡು ಬರುವ ಮನುಷ್ಯ. ಇರಾನಿನ ಡ್ರೈವರ್ ಒಂದೇ ಸಲ ಹೊಡೆದ. ನಾವು ಹೊರಗೆ ಬಂದಾಗ ಬಸ್ಸೂ ಇಲ್ಲ, ಅದರ ಮೇಲೆ ಕಟ್ಟಿದ್ದ ನಮ್ಮ ಟ್ರಂಕೂ ಇಲ್ಲ. ಉಳಿದದ್ದು ನನ್ನ ಹ್ಯಾಂಡ್‌ಬ್ಯಾಗು, ಪಾಸ್‌ಪೋರ್ಟು, ಮತ್ತು ನಮ್ಮವರ ಕೈಯಲ್ಲಿದ್ದ ಬಸಿ.

ಅರವತ್ತರ ದಶಕದ ನಡುವಿನ ಒಂದು ಚಳಿಗಾಲ ಅದು. ನನ್ನ ಮೈದುನ ತಬ್ರೀಜ್ ಊರಿನಲ್ಲಿ ರಸ್ತೆ ಕಟ್ಟುವ ಕಂಪನಿಯೊಂದರಲ್ಲಿ ಓವರ್‌ಸೀಯರ್ ಆಗಿದ್ದ. ಅಣ್ಣ ಅತ್ತಿಗೆ ಬಂದು ಹಿಮ ನೋಡಿಕೊಂಡು ಹೋಗಲಿ ಎಂದು ಅವನ ಆಸೆ. ನಮ್ಮವರು ರಾಜೇಸಾಬರು ಇಂಡಿಯಲ್ಲಿ ಲಿಂಬೆಹಣ್ಣಿನ ಲಾರಿ ನಡೆಸುವವರು. ಬೇರೆಯವರಿಗೆ ಕೀಲಿ ಕೊಟ್ಟು ಊರು ಬಿಟ್ಟ ದಿನದಿಂದ ಅವರಿಗೆ ಚೈನಿರಲಿಲ್ಲ. ಮುಂಬಯಿಯ ಹಡಗಿನಲ್ಲೂ, ಇರಾನಿನ ರೈಲಿನಲ್ಲೂ ಅವರ ಕಣ್ಣು ಹುಡುಕುತ್ತಿದ್ದದ್ದು ಎಂಜಿನ್ನನ್ನೇ.

ಹಾಗಾಗಿ ಬಸ್ಸು ತಪ್ಪಿದ್ದಕ್ಕೆ ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಅಂಗಡಿಯ ಎದುರಿಗೆ ಆನೆಯ ಗಾತ್ರದ ಒಂದು ಟ್ರಕ್ಕು ನಿಂತಿತ್ತು. ತುಂಬ ಕಿತ್ತಳೆ ಹಣ್ಣು. ಅದರ ಮಾಲೀಕ, ಡ್ರೈವರ್ ಎರಡೂ ಆದ ಮನುಷ್ಯನ ಹೆಸರು ಹಸನ್. ಎಲ್ಲರೂ ಹಸನ್ ಆಗಾ ಎನ್ನುತ್ತಿದ್ದರು. ಬೆಳ್ಳಗಿನ ಮೀಸೆ, ಎತ್ತರದ ಆಳು, ಕುರಿಯ ಚರ್ಮದ ಕೋಟು. ನಮ್ಮ ಅವಸ್ಥೆಯನ್ನು ಚಹದಂಗಡಿಯವನಿಂದ ಕೇಳಿ ತಿಳಿದು ಎದೆಯ ಮೇಲೆ ಕೈಯಿಟ್ಟುಕೊಂಡು ಬಂದ. "ತಬ್ರೀಜ್?" ಎಂದ. "ತಬ್ರೀಜ್" ಎಂದೆವು. ಅಷ್ಟೇ. ಟ್ರಕ್ಕಿನ ಬಾಗಿಲು ತೆರೆದ.

ಹತ್ತಿ ಕೂತ ಮೇಲೆ ನಾನು ಮಾಡಬಾರದ ಕೆಲಸ ಮಾಡಿದೆ. ಅವನ ಕೋಟು ಮುಟ್ಟಿ ನೋಡಿ, ಚೆನ್ನಾಗಿದೆ ಎಂದು ಕೈಸನ್ನೆ ಮಾಡಿದೆ. ಕಾಂಪ್ಲಿಮೆಂಟ್ ಕೊಡುವುದು ನಮಗೆ ಕಲಿಸಿದ ಗುಡ್ ಮ್ಯಾನರ್ಸ್. ಆತ "ಪೇಶ್ಕಶ್" ಎಂದವನೇ ಕೋಟು ಕಳಚಿ ನನಗೆ ಹೊದಿಸಿಬಿಟ್ಟ. ನಮ್ಮ ಕಡೆ ಪೇಶ್ಕಶ್ ಎಂದರೆ ಹಿಂದಿನ ಕಾಲದ ಪಾಳೆಯಗಾರರು ಬಾದಶಹನಿಗೆ ಒಪ್ಪಿಸುತ್ತಿದ್ದ ಕಾಣಿಕೆ. ಬೇಡ ಬೇಡ ಎಂದು ನಾನು ಹಿಂದಿರುಗಿಸಿದಷ್ಟೂ ಆತ ಮುಂದೆ ನೂಕುತ್ತಿದ್ದ. ಕೊನೆಗೆ ನಮ್ಮವರು ಆತನ ಕೈ ಹಿಡಿದು ತೋಳಿಗೆ ತೋಳು ಸೇರಿಸಿ ಬಲವಂತವಾಗಿ ತೊಡಿಸಿದರು.

"ಇನ್ನ ಏನೂ ಹೊಗಳಬ್ಯಾಡ ನೀ," ಅಂದರು ನನಗೆ. "ಲಾರಿ ಚಲೋ ಐತಿ ಅಂದಿ ಅಂದ್ರ ಕೀಲಿ ನಿನ್ನ ಉಡ್ಯಾಗ ಹಾಕ್ತಾನ."

"ಹಾಕ್ಲಿ. ನಿಮಗರ ಕೆಲಸ ಸಿಗ್ತದ."

ಜಂಜಾನ್

ದಾರಿಯುದ್ದಕ್ಕೂ ನಮ್ಮವರು ಗುಡ್ಡವನ್ನಾಗಲಿ ಹಿಮವನ್ನಾಗಲಿ ನೋಡಲಿಲ್ಲ. ನೋಡಿದ್ದು ಹಸನ್ ಆಗಾನ ಕೈಯನ್ನು. ಅಷ್ಟು ದೊಡ್ಡ ಟ್ರಕ್ಕಿನ ಸ್ಟೀರಿಂಗನ್ನು ಆತ ಒಂದೇ ಅಂಗೈಯಿಂದ, ಮಗುವಿನ ಬೆನ್ನು ಸವರಿದಂತೆ ತಿರುಗಿಸುತ್ತಿದ್ದ. ಇನ್ನೊಂದು ಕೈ ಕಿತ್ತಳೆ ಹಣ್ಣು ಸುಲಿಯುತ್ತಿತ್ತು. ಇಂಡಿಯ ಬಜಾರದ ಮೂಲೆಯಲ್ಲಿ ತುಂಬಿದ ಲಾರಿ ಹೊರಳಿಸುವಾಗ ನಮ್ಮವರು ಸೀಟಿನಿಂದ ಅರ್ಧ ಎದ್ದು, ಹಲ್ಲು ಕಚ್ಚಿ, ಹೆಗಲು ಕೊಟ್ಟು ತಿರುವುತ್ತಾರೆ. ಸಂಜೆ ಮನೆಗೆ ಬಂದರೆ ಆ ತೋಳುಗಳಿಗೆ ನಾನು ಎಣ್ಣೆ ತಿಕ್ಕಬೇಕು. ಪವರ್ ಸ್ಟೀರಿಂಗ್ ಎಂಬ ಹೆಸರನ್ನೂ ನಮ್ಮ ಕಡೆ ಆಗ ಯಾರೂ ಕೇಳಿರಲಿಲ್ಲ. ಎಂಜಿನ್ನಿಗೆ ಜೋಡಿಸಿದ ಒಂದು ಪಂಪು ಎಣ್ಣೆಯನ್ನು ಒತ್ತಿ, ಡ್ರೈವರನ ತೋಳಿನ ಭಾರವನ್ನು ತಾನು ಹೊರುತ್ತದೆ ಎಂದು ತಿಳಿದದ್ದು ಆ ಪ್ರಯಾಣದಲ್ಲೇ.

"ಇದೊಂದ ನಮ್ಮ ಲಾರೀಗಿ ಇದ್ದಿದ್ರ ನಿನ್ನ ಕೈಗೂ ಸೂಟಿ," ಅಂದರು.

ಜಂಜಾನಿನ ಮುಸಾಫಿರಖಾನೆಯಲ್ಲಿ ರಾತ್ರಿ ತಂಗಿದೆವು. ಅಲ್ಲಿ ಬಿಸಿ ರೊಟ್ಟಿಯ ಮುಂದೆ ಕೂತಾಗ ಹಸನ್ ಆಗಾ ಒಂದು ಗಂಟು ಬಿಚ್ಚಿ ತೋರಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಕರಿ ಬೂಟು. "ದುಖ್ತರ್, ನಿಕಾಹ್" ಎಂದ. ಮಗಳು, ಮದುವೆ. ಇಷ್ಟು ಮಾತಿಗೆ ಡಿಕ್ಷನರಿ ಬೇಕಿಲ್ಲ. ಉಳಿದದ್ದನ್ನು ನಮ್ಮವರು ತಮ್ಮ ಉರ್ದು ಸಾಲಿಯ ವಿದ್ಯೆಯಿಂದಲೂ, ಬೆರಳುಗಳಿಂದಲೂ ಕೇಳಿ ತಿಳಿದರು. ನಿಕಾಹ್ ಮರುದಿನ ಸಂಜೆಯ ಮೊದಲು, ತಬ್ರೀಜಿನ ಆತನ ಮನೆಯಲ್ಲಿ. ರಾತ್ರಿ ಚಂದ್ರ ಕಂಡರೆ ರಮಜಾನ್ ಶುರು, ಆಮೇಲೆ ತಿಂಗಳ ಕಾಲ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಮದುಮಗ ಸಿಪಾಯಿ, ರಜೆಯ ಮೇಲೆ ಬಂದವನು; ತಿಂಗಳು ಕಾಯಲಾರ. ಹುಡುಗಿಯ ಅಪ್ಪನಾಗಿ ತಾನು ಒಪ್ಪಿಗೆ ಮೊದಲೇ ಕೊಟ್ಟಾಗಿದೆ. ತಾನು ಹೊತ್ತಿಗೆ ಸರಿಯಾಗಿ ಮುಟ್ಟಿದರೆ ತನ್ನೆದುರು, ಮುಟ್ಟದಿದ್ದರೆ ತಾನಿಲ್ಲದೆ, ನಿಕಾಹ್ ಅಂತೂ ಆಗಿಯೇ ಆಗುತ್ತದೆ. ಒಬ್ಬಳೇ ಮಗಳು, ಹೆಸರು ಮರಿಯಮ್. ಹೆಸರು ಹೇಳಿ ಆತ ಗಂಟನ್ನು ಮತ್ತೆ ಕಟ್ಟಿದ. ಅಷ್ಟು ದಪ್ಪ ಬೆರಳುಗಳು ಅಷ್ಟು ನಾಜೂಕಾದ ಗಂಟು ಹಾಕಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜಿನ ಒಳಗಡೆಯೇ ಹಿಮದ ಹೂ ಅರಳಿತ್ತು. ಬಕೆಟ್ಟಿನ ನೀರು ಕಲ್ಲು. ಅಂಗಳದಲ್ಲಿ ಡ್ರೈವರುಗಳೆಲ್ಲ ಕೆಂಡದ ತಟ್ಟೆಗಳನ್ನು ತಂದು ತಮ್ಮ ತಮ್ಮ ಟ್ರಕ್ಕಿನ ಹೊಟ್ಟೆಯ ಕೆಳಗೆ ಸರಿಸುತ್ತಿದ್ದರು. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಶೆಗಡಿ ಇಡುವ ಹಾಗೆಯೇ! ಎಣ್ಣೆ ಕರಗಿ ಎಂಜಿನ್ನಿಗೆ ಜೀವ ಬರಲಿ ಎಂದು. ಅಷ್ಟು ಒರಟು ಗಂಡಸರು ನೆಲಕ್ಕೆ ಬಾಗಿ ಕೆಂಡವನ್ನು ಊದುತ್ತಿದ್ದ ಆ ಸೀನ್ ಎಷ್ಟು ಮೃದುವಾಗಿತ್ತೆಂದರೆ, ಇವತ್ತಿಗೂ ಬಾಣಂತಿ ಕೋಣೆಯ ಹೊಗೆ ಮೂಗಿಗೆ ಬಡಿದರೆ ನನಗೆ ಜಂಜಾನ್ ನೆನಪಾಗುತ್ತದೆ.

ಟ್ರಕ್ಕು ಅಂಗಳದಿಂದ ಹೊರಡುವಾಗ ಹಸನ್ ಆಗಾ ಎರಡೂ ಕೈ ಹಾಕಿ ಏದುಸಿರು ಬಿಟ್ಟ. ನಮ್ಮ ಕಡೆ ತಿರುಗಿ ಗಂಭೀರವಾಗಿ ಹೇಳಿದ:

"ಫರ್ಮಾನ್ ಸಂಗೀನ್ ಅಸ್ತ್."

ನಾನು ಹ್ಯಾಂಡ್‌ಬ್ಯಾಗನ್ನು ಎದೆಗೆ ಅವುಚಿಕೊಂಡೆ. ವಿಜಾಪುರ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಫರ್ಮಾನೆಂದರೆ ಬಾದಶಹರ ಹುಕುಮು. ಸಂಗೀನ್ ಎಂದರೆ ಕಠೋರ. ಕಠೋರ ಆಜ್ಞೆ ಹೊರಟಿದೆ!

"ಏನೋ ಆರ್ಡರ್ ಆಗೇತ್ರಿ," ಎಂದೆ. "ಫಾರಿನರ್ಸ್ ಮುಂದ ಹೋಗಬಾರ್ದಂತೋ ಏನೋ. ಪಾಸ್‌ಪೋರ್ಟ್ ತಗೀಲೇನು?"

ತೆಗೆದೂ ತೆಗೆದೆ. ಹಸನ್ ಆಗಾ ಪಾಸ್‌ಪೋರ್ಟುಗಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಸ್ಟೀರಿಂಗ್ ಚಕ್ರವನ್ನು ಅಂಗೈಯಿಂದ ಬಡಿದು "ಫರ್ಮಾನ್!" ಎಂದ. ತಿರುಗಿಸಲು ಹೆಣಗಿದಂತೆ ನಟಿಸಿ "ಸಂಗೀನ್!" ಎಂದ. ಅವರ ಭಾಷೆಯಲ್ಲಿ ಸ್ಟೀರಿಂಗ್ ಚಕ್ರದ ಹೆಸರೇ ಫರ್ಮಾನ್. ಸಂಗೀನ್ ಎಂದರೆ ಭಾರ.

ನಮ್ಮವರು ನಕ್ಕ ನಗೆಗೆ ಕಿಟಕಿಯ ಹಿಮ ಉದುರಿತು. "ಖರೇನ ಐತಲ್ಲ! ಗಾಡಿಗೆ ಹುಕುಮ್ ಕೊಡೂದು ಮತ್ಯಾವುದು? ಭಾಳ ಶಾಣ್ಯಾ ಮಂದಿ ಇವರು. ನೀ ಚೀಲ ಮುಚ್ಚು, ಬಾದಶಹನ ತಂಗಿ."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಫರ್ಮಾನು ಹಗುರವಾಯಿತು. ಚಳಿಗೆ ಎಣ್ಣೆ ತುಪ್ಪದಂತೆ ಗಟ್ಟಿಯಾಗಿತ್ತು, ಎಂಜಿನ್ ಕಾದ ಮೇಲೆ ತೆಳುವಾಯಿತು, ಅಷ್ಟೇ ಎಂದು ಹಸನ್ ಆಗಾ ಕೈಸನ್ನೆಯಲ್ಲಿ ವಿವರಿಸಿದ. "ಸರ್ದಿ" ಎಂದ. ನಮ್ಮಲ್ಲಿ ಸರ್ದಿ ಮೂಗಿಗೆ ಆಗುತ್ತದೆ, ಅಲ್ಲಿ ಲಾರಿಗೂ ಆಗುತ್ತದೆ. ನಾವು ಮೂವರೂ ನಿಶ್ಚಿಂತರಾಗಿ ಕಿತ್ತಳೆ ತಿಂದೆವು.

ಮಿಯಾನೆ

ಮಿಯಾನೆ ಎಂಬ ಊರು ಮುಟ್ಟುವ ಮೊದಲೇ ಫರ್ಮಾನು ಮತ್ತೆ ಬಿಗಿಯಿತು. ಈ ಸಲ ಹಸನ್ ಆಗಾ ಸರ್ದಿ ಎನ್ನಲಿಲ್ಲ. ಬಿಸಿಲು ಬಿದ್ದಿತ್ತು, ಎಂಜಿನ್ ಬಿಸಿಯಾಗಿತ್ತು, ಆದರೂ ತಿರುವು ಬಂದಾಗಲೆಲ್ಲ ಆತನ ಕುತ್ತಿಗೆಯ ನರ ಉಬ್ಬುತ್ತಿತ್ತು. ಚಕ್ರ ಒಮ್ಮೆ ಬಿಡುತ್ತಿತ್ತು, ಮರುಕ್ಷಣ ಹಿಡಿಯುತ್ತಿತ್ತು. ಮುಂದೆ ಶಿಬ್ಲಿ ಎಂಬ ಘಾಟಿದೆ, ಹಾವಿನ ಹಾಗೆ ಸುತ್ತುತ್ತದೆ, ಮೇಲೆಲ್ಲ ಮಂಜುಗಡ್ಡೆ ಎಂದು ಅಂಗೈಯನ್ನು ಮಡಚಿ ಮಡಚಿ ತೋರಿಸಿದ. ನಮ್ಮ ಸಿಂದಗಿಯಿಂದ ಕನ್ನೊಳ್ಳಿಯ ಕಡೆಗೆ ಹೋಗುವ ದಾರಿಯಾಗಿದ್ದರೆ ಸ್ಟೀರಿಂಗೇ ಇಲ್ಲದಿದ್ದರೂ ನಡೆದೀತು, ಎತ್ತು ಕಟ್ಟಿದರೂ ಸಾಕು. ಶಿಬ್ಲಿಯಲ್ಲಿ ಹಾಗಲ್ಲ. ಈ ಫರ್ಮಾನು ಹಿಡಿದು ಆ ಘಾಟ ಹತ್ತಲಾಗುವುದಿಲ್ಲ ಎಂದು ಹೇಳದೆಯೇ ಹೇಳಿ, ಆತ ಚಹದಂಗಡಿಯ ಮುಂದೆ ಟ್ರಕ್ಕು ನಿಲ್ಲಿಸಿದ. ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ಬಟ್ಟೆಯ ಗಂಟನ್ನು.

ಬಾನೆಟ್ ಎತ್ತಿದರು. ಪಂಪಿನ ಮೇಲೊಂದು ಸಣ್ಣ ಡಬ್ಬಿ. ಹಸನ್ ಆಗಾ ಅದರ ಮುಚ್ಚಳ ತೆಗೆದು, ಬೆರಳದ್ದಿ, "ರೋಗನ್" ಎಂದ.

ನಮ್ಮವರ ಮುಖ ಕಪ್ಪಿಟ್ಟಿತು. "ಏನಂದ? ರೋಗನ್?"

"ಹೌದ್ರಿ, ಹಂಗ ಅಂದ."

"ಯಾ ಅಲ್ಲಾ! ರೋಗನ್ ಹಾಕ್ಯಾನ! ಬಾಗಲಕ್ಕ ಹಚ್ಚೂ ವಾರ್ನಿಷ್ ಒಯ್ದು ಸ್ಟೇರಿಂಗಿಗೆ ಸುರುವ್ಯಾನಲ್ಲ! ಬಿಗ್ಯಾಗದ ಏನ್ ಮಾಡೀತು ಅದು? ಒಣಗಿ ಅಂಟಾಗೇತಿ!"

ನಮ್ಮ ಕಡೆ ರೋಗನ್ ಎಂದರೆ ವಾರ್ನಿಷ್, ಬೇರೆ ಅರ್ಥವೇ ಇಲ್ಲ. ಬಡಿಗರ ಓಣಿಯಲ್ಲಿ ಹಾದರೆ ಮೂಗಿಗೆ ಬಡಿಯುವುದೇ ಅದು. ನಮ್ಮವರಿಗೆ ಒಂದು ಸಂಗತಿ ತಲೆಗೆ ಹೊಕ್ಕಿತೆಂದರೆ ಅದನ್ನು ಹೊರಗೆ ತರಲು ಜಾಕ್ ಬೇಕು. ಪಾನಾ ತೆಗೆದುಕೊಂಡು ಟ್ರಕ್ಕಿನ ಕೆಳಗೆ ತೂರಿ, ಪಂಪಿನ ಕೊಳವೆಯ ನಟ್ಟಿಗೆ ಹಾಕಿಯೇ ಬಿಟ್ಟರು. ಅಷ್ಟೂ ಎಣ್ಣೆ ನೆಲಕ್ಕೆ ಚೆಲ್ಲುವುದು ಅವರ ಪ್ಲಾನು. ಹಸನ್ ಆಗಾ ಕೂಗುತ್ತ ಕೆಳಗೆ ಬಿದ್ದು ಅವರ ಮುಂಗೈ ಹಿಡಿದ. ನನಗೆ ಕಾಣುತ್ತಿದ್ದದ್ದು ನಾಲ್ಕು ಕಾಲು ಮಾತ್ರ, ಒಂದು ಜೋಡಿ ಇರಾನಿನದು, ಒಂದು ಇಂಡಿಯದು, ಎರಡೂ ಹಿಮದಲ್ಲಿ ಒದ್ದಾಡುತ್ತಿದ್ದವು.

"ರೋಗನ್! ರೋಗನ್ ಖೂಬ್!" ಎಣ್ಣೆ ಚೆನ್ನಾಗಿದೆ ಎಂದು ಅವನು.

"ಖೂಬ್ ಅಂತ ಖೂಬ್! ಹಾಳ ಮಾಡೀಪಾ ಗಾಡಿ! ಕೈ ಬಿಡೋ ಮಾರಾಯಾ!" ಎಂದು ಇವರು.

ಗಲಾಟೆ ಕೇಳಿ ಚಹದಂಗಡಿಯ ಅಡಿಗೆಯವನು ಸೌಟು ಹಿಡಿದು ಹೊರಬಂದ. ಏನಾಗಿದೆ ಎಂದು ಕೇಳಿದ, ಹಸನ್ ಆಗಾ ಕೆಳಗಿನಿಂದಲೇ ಅರಚಿ ಹೇಳಿದ. ಅಡಿಗೆಯವನು ಒಳಗೆ ಓಡಿ ಒಂದು ತಗಡಿನ ಡಬ್ಬಿ ತಂದು ನನ್ನ ಮೂಗಿನ ಕೆಳಗೆ ಹಿಡಿದು, ಕಿವುಡಿಗೆ ಹೇಳಿದಂತೆ ಜೋರಾಗಿ "ರೋ-ಗನ್!" ಎಂದ. ನೋಡಿದರೆ ತುಪ್ಪ! ಘಮಘಮ ಕುರಿಯ ತುಪ್ಪ. ಆಮೇಲೆ ದೀಪದ ಎಣ್ಣೆ ತೋರಿಸಿ "ರೋಗನ್" ಎಂದ. ತನ್ನ ಕೂದಲಿಗೆ ಹಚ್ಚಿದ್ದನ್ನೂ ತೋರಿಸಿದ. ಅದೂ ರೋಗನ್.

"ಹೊರಗ ಬರ್ರಿ," ಎಂದೆ ನಾನು ಬಾಗಿ. "ಇವರ ಭಾಷಾದಾಗ ಎಣ್ಣಿ, ತುಪ್ಪ ಎಲ್ಲಾ ರೋಗನ್ನ ಅಂತ್ರಿ. ಅವ ಹಾಕಿದ್ದು ಎಣ್ಣೀನ. ಇಲ್ಲಾಂದ್ರ ಈ ಮಂದಿ ವಾರ್ನಿಷಿನ್ಯಾಗ ಒಗ್ಗರಣಿ ಹಾಕ್ತಾರಂತ ತಿಳ್ಕೊಬೇಕಾಗ್ತದ."

ಅವರು ಹೊರಬಂದರು. ಗಡ್ಡದಲ್ಲಿ ಹಿಮ. ತುಪ್ಪದ ಡಬ್ಬಿ ನೋಡಿ, ಮೂಸಿ, ಹಸನ್ ಆಗಾನನ್ನು ನೋಡಿ, ತಾವೇ ಮೊದಲು ನಕ್ಕರು. "ನಾಲ್ಕ ತಲಿಮಾರಿನಿಂದ ಫಾರ್ಸಿ ಶಬ್ದಾ ಆಡಾಕತ್ತೇವಿ ನಾವು," ಅಂದರು, "ಒಂದೂ ಖರೇ ಅರ್ಥ ಗೊತ್ತಿಲ್ಲ." ಹಸನ್ ಆಗಾ ಅವರ ಬೆನ್ನಿನ ಹಿಮ ಕೊಡವಿದ. ಜಗಳ ಅಲ್ಲಿಗೆ ಮುಗಿಯಿತು. ಆ ಜನರದು ಇದೊಂದು ನನಗೆ ಬಹಳ ಹಿಡಿಸಿದ ಗುಣ, ಕೋಪ ಬೇಗ ಬರುತ್ತದೆ, ಹೋಗುವಾಗ ಬಾಗಿಲು ಬಡಿಯುವುದಿಲ್ಲ.

ಆದರೆ ಸೂರ್ಯ ಸರಿದಿದ್ದ, ಫರ್ಮಾನು ಬಿಗಿಯಾಗಿಯೇ ಇತ್ತು. ಎಣ್ಣೆ ತುಂಬಿದೆ, ಕಾದಿದೆ, ತೆಳುವಾಗಿದೆ. ಹಾಗಿದ್ದರೆ ತಪ್ಪು ಎಲ್ಲಿ?

ಇನ್ನು ನಮ್ಮವರ ಸರದಿ. ಬಸವನ ಬಾಗೇವಾಡಿಯಲ್ಲಿ ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಒಂದು ಮಾತಿತ್ತು: ಮೊದಲು ಗಾಲಿ ಎತ್ತು, ಆಮೇಲೆ ಗಾಡಿಗೆ ಬೈ. ಹಿಮದ ಮೇಲೆ ಹಲಗೆ ಹಾಸಿ, ಜಾಕ್ ಕೊಟ್ಟು, ಮುಂದಿನ ಗಾಲಿಗಳನ್ನು ನೆಲ ಬಿಡಿಸಿದರು. ಎಂಜಿನ್ ಬಂದ್ ಮಾಡಿಸಿ, ಗಾಲಿಯನ್ನೇ ಎರಡೂ ಕೈಯಿಂದ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿದರು. ಮೆಲ್ಲಗೆ, ಆದರೆ ಎಲ್ಲೂ ಹಿಡಿಯದೆ ತಿರುಗಿತು.

"ಕಾಲಾಗ ಬ್ಯಾನಿ ಇಲ್ಲ," ಅಂದರು. "ಗಾಲಿ, ಕೀಲು ಎಲ್ಲಾ ಚಲೋ ಅದಾವು. ಬ್ಯಾನಿ ಎಂಜಿನ್ ಕಡೆ ಐತಿ. ಈಗ ಎಂಜಿನ್ ಚಾಲೂ ಮಾಡಿ ಒಬ್ಬರು ಮ್ಯಾಲ ಕುಂತು ಸ್ಟೇರಿಂಗ್ ತಿರುವಬೇಕು. ನಾವಿಬ್ಬರೂ ಕೆಳಗ ನೋಡ್ತೇವಿ. ಹತ್ತು ನೀ."

"ನಾನಾ?"

"ಮತ್ಯಾರು, ನಿಮ್ಮ ಮದರ್ ಸುಪೀರಿಯರ್‌ನ ಕರಸಲೇನು?"

ಇಂಡಿಯಲ್ಲಿ ನಮ್ಮದೇ ಲಾರಿಯ ಆ ಸೀಟಿನ ಮೇಲೆ ನಾನೊಮ್ಮೆಯೂ ಕೂತವಳಲ್ಲ. ಮಿಯಾನೆಯಲ್ಲಿ ಸೀರೆಯ ಮೇಲೆ ಓವರ್‌ಕೋಟು, ಅದರ ಮೇಲೆ ಶಾಲು ಹೊದ್ದು, ಹತ್ತಿ ಕೂತೆ. ಎಂಜಿನ್ ಗುಡುಗಿತು. ಕೆಳಗಿನಿಂದ ಹಸನ್ ಆಗಾ "ರಾಸ್ತ್! ರಾಸ್ತ್!" ಎಂದು ಕೂಗಿದ. ಉರ್ದುವಿನಲ್ಲಿ ರಾಸ್ತ್ ಎಂದರೆ ಸರಿ, ನೆಟ್ಟಗೆ. ನಾನು ನೆಟ್ಟಗೆ ಹಿಡಿದು ಕೂತೆ. ಅವನು ಇನ್ನೂ ಜೋರಾಗಿ ಕೂಗಿದ, ನಾನು ಇನ್ನೂ ಗಟ್ಟಿಯಾಗಿ ನೆಟ್ಟಗೆ ಹಿಡಿದೆ.

"ಬಲಕ್ಕ ಅಂತ ಹೇಳಾಕತ್ತಾನ, ಬಲಕ್ಕ ತಿರುವು!" ಎಂದು ಇವರು ಕಿರುಚಿದರು.

ತಿರುವಿದೆ. ತೋಳುಗಳಿಗೆ ಬಂಡೆ ತಳ್ಳಿದಂತಾಯಿತು; ತಟ್ಟನೆ ಹಗುರವಾಯಿತು; ಮತ್ತೆ ಬಂಡೆ. ಕೊನೆಯವರೆಗೆ ತಿರುವಿದಾಗ ಎಂಜಿನ್ನಿನ ಗುಡುಗಿನ ಒಳಗಿನಿಂದ ಒಂದು ಸಣ್ಣ ಚೀರು ಕೇಳಿತು. ಕೀಂಯ್ ಎಂದು, ಹೆದರಿದ ಹಕ್ಕಿಮರಿಯಂತೆ.

ನನ್ನ ಕೈ ಅಲ್ಲೇ ನಿಂತಿತು. ಆ ದನಿ ನನಗೆ ಹುಟ್ಟಿದಾಗಿನಿಂದ ಗೊತ್ತು.

ಮುದ್ದೇಬಿಹಾಳದಲ್ಲಿ ನನ್ನ ತವರಿನವರದು ಹಿಟ್ಟಿನ ಗಿರಣಿ. ಎಂಜಿನ್ನಿನಿಂದ ಬೀಸುವ ಕಲ್ಲಿನವರೆಗೆ ಉದ್ದನೆಯ ಚರ್ಮದ ಪಟ್ಟಾ ಓಡುತ್ತಿತ್ತು. ಹಸಿ ಜೋಳ ಬಂದ ದಿನ ಕಲ್ಲು ಜಡವಾಗುತ್ತಿತ್ತು. ಪಟ್ಟಾ ಸಡಿಲವಿದ್ದರಂತೂ ಅದನ್ನು ಎಳೆಯಲಾರದೆ ಗಾಲಿಯ ಮೇಲೆ ಜಾರಿ ಹೀಗೇ ಚೀರುತ್ತಿತ್ತು. ಹಿಟ್ಟಿನ ಧಾರೆ ಒಮ್ಮೆ ಬರುವುದು, ಒಮ್ಮೆ ನಿಲ್ಲುವುದು. ನನ್ನ ಅಪ್ಪ ಊಟದ ತುತ್ತು ಕೈಯಲ್ಲೇ ಹಿಡಿದು, "ಪಟ್ಟಾ ಅಳಾಕತ್ತೈತಿ" ಎಂದು ಎದ್ದು ಓಡುತ್ತಿದ್ದರು. ಕಾನ್ವೆಂಟಿನ ರಜೆಯಲ್ಲಿ ಮನೆಗೆ ಬಂದಾಗ, ಅಡ್ಡಗೋಡೆಯಾಚೆಯ ಆ ಸಪ್ಪಳವೇ ನನಗೆ ಜೋಗುಳ.

ಕಿಟಕಿಯಿಂದ ತಲೆ ಹೊರಹಾಕಿದೆ. "ಪಟ್ಟಾ ನೋಡ್ರಿ! ಪಟ್ಟಾ ಅಳಾಕತ್ತೈತಿ!"

"ಏನಂದಿ?"

"ಪಂಪ್ ತಿರುಗಸೂ ಪಟ್ಟಾ! ಜಾರಾಕತ್ತೈತಿ ಅದು! ನಮ್ಮ ಗಿರಣ್ಯಾಗ ಆದಂಗ ಆಗೇತಿ!"

ನಮ್ಮವರು ಎದ್ದು ಬಾನೆಟ್ಟಿನ ಕಡೆ ಹೋದರು. ಎಂಜಿನ್ ಬಂದ್ ಮಾಡಿಸಿ, ಪಂಪಿನ ಬೆಲ್ಟಿಗೆ ಬೆರಳಿಟ್ಟು ಒತ್ತಿದರು. ಜೋಲಿಯ ಹಾಗೆ ಕೆಳಗೆ ಹೋಯಿತು. ಪಂಪನ್ನು ಹಿಡಿದಿದ್ದ ಬೋಲ್ಟು ಸಡಿಲಾಗಿ, ಪಂಪು ವಾಲಿತ್ತು. ಬೆಲ್ಟಿನ ಒಳಮೈ ಜಾರಿ ಜಾರಿ ಗಾಜಿನಂತೆ ಹೊಳೆಯುತ್ತಿತ್ತು. ಬೆಳಗಿನ ಚಳಿಯಲ್ಲಿ ಗಟ್ಟಿ ಎಣ್ಣೆಯನ್ನು ನೂಕುವ ಪಂಪಿನ ಜಗ್ಗಾಟಕ್ಕೆ ಬೋಲ್ಟು ಬಿಟ್ಟುಕೊಟ್ಟಿರಬೇಕು. ಸರ್ದಿ ಎಂದ ಹಸನ್ ಆಗಾನೂ ಪೂರ್ತಿ ತಪ್ಪಲ್ಲ ಎಂದಾಯಿತು.

"ತಸ್ಮೆ!" ಎಂದ ಆತ ಹಣೆ ಬಡಿದುಕೊಂಡು.

"ಈಗ ಬೂಟಿನ ಲಾಡಿ ಯಾಕಂತ?" ಎಂದು ಇವರು ನನ್ನನ್ನು ಕೇಳಿದರು. ಉರ್ದು ಸಾಲಿಯಲ್ಲಿ ತಸ್ಮೆ ಎಂದರೆ ಬೂಟಿನ ಲಾಡಿ. ಆಮೇಲೆ ತಾವೇ ಕೈ ಎತ್ತಿ, "ಬ್ಯಾಡ, ಹೇಳಬ್ಯಾಡ, ತಿಳೀತು. ಪಟ್ಟಾ," ಎಂದರು.

ಜಾಕಿನ ಸರಳನ್ನು ಸಂದಿಗೆ ತೂರಿಸಿ ಒಬ್ಬರು ಪಂಪನ್ನು ಮೀಟಿ ಹಿಡಿದರು, ಇನ್ನೊಬ್ಬರು ಬೋಲ್ಟು ಬಿಗಿದರು. ಮಾತೇ ಇಲ್ಲ. ಒಬ್ಬರು ಕೈ ಚಾಚಿದರೆ ಇನ್ನೊಬ್ಬರು ಪಾನಾ ಕೊಡುತ್ತಿದ್ದರು, ಎಷ್ಟೋ ವರ್ಷ ಒಂದೇ ಗ್ಯಾರೇಜಿನಲ್ಲಿ ದುಡಿದವರ ಹಾಗೆ. ಗಾಲಿ ಕೆಳಗಿಳಿಸಿ ಎಂಜಿನ್ ಶುರು ಮಾಡಿದರು. ನಾನು ತಿರುವಿದೆ. ಬೆಣ್ಣೆ! ಆ ದೊಡ್ಡ ಟ್ರಕ್ಕಿನ ಗಾಲಿಗಳು ನನ್ನಂಥ ಹೆಣ್ಣಿನ ಎರಡು ಬೆರಳಿಗೆ ಹೊರಳಿದವು. ಸುಮ್ಮನೆ ಇನ್ನೊಮ್ಮೆ ತಿರುವಿದೆ. ಮತ್ತೂ ಒಮ್ಮೆ.

"ಸಾಕು ಇಳಿ," ಅಂದರು. "ನಿಕಾಹಕ್ಕ ಅವನ ಮುಟ್ಟಬೇಕು, ನೀನಲ್ಲ."

ಶಿಬ್ಲಿ ಘಾಟ

ಘಾಟದ ಬಗ್ಗೆ ಬರೆಯಲು ನನಗೆ ಸರಿಯಾದ ಮಾತಿಲ್ಲ. ನಮ್ಮ ನೆಲದಲ್ಲಿ ದೂರ ಎಂಬುದು ಕಣ್ಣೆದುರು ಮಲಗಿರುತ್ತದೆ. ಇಂಡಿಯಲ್ಲಿ ನಿಂತರೆ ನಾಳೆ ಬರುವವನೂ ಇವತ್ತೇ ಕಾಣುತ್ತಾನೆ. ಶಿಬ್ಲಿಯಲ್ಲಿ ಮುಂದಿನ ತಿರುವಿನಾಚೆ ಏನಿದೆಯೋ ಗೊತ್ತಿಲ್ಲ. ಒಂದು ಕಡೆ ಬಿಳಿ ಗೋಡೆ, ಇನ್ನೊಂದು ಕಡೆ ಬಿಳಿ ಖಾಲಿ. ಗಾಲಿಗೆ ಕಟ್ಟಿದ ಸರಪಳಿಯ ಝಣಝಣ ಬಿಟ್ಟರೆ ಜಗತ್ತಿನಲ್ಲಿ ಸದ್ದಿಲ್ಲ. ನಾನು ಒಂದೇ ಉಸಿರಿಗೆ ಕಲಿಮಾ ಮತ್ತು ಕಾನ್ವೆಂಟಿನ ಪ್ರೇಯರ್ ಎರಡನ್ನೂ ಹೇಳಿಕೊಂಡೆ. ಯಾವುದಾದರೂ ಒಂದು ತಲುಪಲಿ!

ಹಸನ್ ಆಗಾ ಈಗ ಕಿತ್ತಳೆ ಸುಲಿಯುತ್ತಿರಲಿಲ್ಲ. ಆದರೂ ಆ ಕೈಗಳಲ್ಲಿ ಗಡಿಬಿಡಿ ಇರಲಿಲ್ಲ. ಮಗಳ ಮದುವೆಗೆ ಹೊತ್ತಾಗುತ್ತಿರುವ ಅಪ್ಪ ಅಷ್ಟು ನಿಧಾನವಾಗಿ, ಅಷ್ಟು ಮರ್ಯಾದೆಯಿಂದ ಪ್ರತಿ ತಿರುವನ್ನೂ ದಾಟಿಸುತ್ತಿದ್ದುದನ್ನು ನೋಡಿ ನನ್ನ ಕಣ್ಣು ತುಂಬಿತು. ನೆತ್ತಿಯ ಮೇಲೆ ಕೂಲಿಗಳು ಹಿಮ ಬಗೆಯುತ್ತಿದ್ದರು. ಅಲ್ಲಿ ಕೂಡ ಆತ ನಿಧಾನಿಸಿ, ಕಿಟಕಿಯಿಂದ ಒಬ್ಬೊಬ್ಬರಿಗೂ ಕಿತ್ತಳೆ ಎಸೆದ. ಅವರು ಸಲಿಕೆ ಬಿಟ್ಟು ಹಿಡಿದುಕೊಂಡು ನಗುತ್ತಿದ್ದರು, ಹೊಗೆಯಂಥ ಉಸಿರಿನಲ್ಲಿ. ಬಿಳಿಯ ಮೇಲೆ ಕಿತ್ತಳೆಯ ಬಣ್ಣ. ಅಂಥ ಪೇಂಟಿಂಗ್ ಯಾವ ಮ್ಯೂಸಿಯಮ್ಮಿನಲ್ಲೂ ನಾನು ನೋಡಿಲ್ಲ.

ಇಳಿಜಾರಿನಲ್ಲಿ ಸೂರ್ಯ ಗುಡ್ಡದ ಹಿಂದೆ ಸರಿದ. ಸಂಜೆಗೆ ಮೊದಲಿನ ಅಸರ್ ನಮಾಜಿನ ಹೊತ್ತು ಆಗಲೇ ಮೀರಿತ್ತು. ನಮ್ಮವರು ತಾವೇ ಬಿಳಿ ಅಂಗಿಯ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

ತಬ್ರೀಜ್

ಆತನ ಮನೆಯ ಓಣಿ ಟ್ರಕ್ಕಿಗೆ ಇಕ್ಕಟ್ಟು. ಓಣಿಯ ಬಾಯಿಗೆ ನಿಲ್ಲಿಸಿ, ಮೈದುನನನ್ನೂ ಟ್ರಂಕನ್ನೂ ಮರೆತು ಮೂವರೂ ಓಡಿದೆವು. ಕಣ್ಣಿಗೆ ಬಿದ್ದವರೆಲ್ಲ ಏನೇನೋ ಕೂಗುತ್ತಿದ್ದರು, ಶುರುವಾಯಿತೋ ಮುಗಿಯಿತೋ ಒಂದೂ ತಿಳಿಯದು. ಅಂಗಳದಲ್ಲಿ ಯಾರೋ ಹೆಂಗಸು ನನ್ನ ಕೈ ಹಿಡಿದು ಹೆಣ್ಣುಮಕ್ಕಳ ಕೋಣೆಗೆ ಎಳೆದುಕೊಂಡಳು. ಗಂಡಸರು ಆಚೆ.

ಒಳಗೆ ಬೆಚ್ಚಗಿತ್ತು. ಕನ್ನಡಿಯೊಂದರ ಮುಂದೆ ಮರಿಯಮ್ ಕೂತಿದ್ದಳು. ತಲೆಯ ಮೇಲೆ ನಾಲ್ವರು ಹುಡುಗಿಯರು ಬಿಳಿ ಬಟ್ಟೆಯೊಂದನ್ನು ಚಪ್ಪರದಂತೆ ಹಿಡಿದಿದ್ದರು, ಅವರ ತೋಳುಗಳು ಆಯಾಸದಿಂದ ನಡುಗುತ್ತಿದ್ದವು. ಪರದೆಯಾಚೆ ಮುಲ್ಲಾನ ಕೆಮ್ಮು. ಮದುಮಗಳ ಚಿಕ್ಕಮ್ಮ ಶಾಲೆಯ ಟೀಚರ್, ಸ್ವಲ್ಪ ಇಂಗ್ಲಿಷ್ ಬಲ್ಲವಳು. ನನ್ನ ಕಿವಿಯಲ್ಲಿ ಪಿಸುಗುಟ್ಟಿ ಎಲ್ಲ ಹೇಳಿದಳು.

ಅವರ ಪದ್ಧತಿ ಹೀಗಂತೆ. ಒಪ್ಪಿಗೆಯೇ ಎಂದು ಮುಲ್ಲಾ ಕೇಳುತ್ತಾನೆ. ಮೊದಲ ಸಲ ಮದುಮಗಳು ಉತ್ತರಿಸುವುದಿಲ್ಲ. ಹೆಂಗಸರು, "ಮದುಮಗಳು ಹೂ ಕೊಯ್ಯಲು ಹೋಗಿದ್ದಾಳೆ" ಎನ್ನುತ್ತಾರೆ. ಎರಡನೆಯ ಸಲ, "ಪನ್ನೀರು ತರಲು ಹೋಗಿದ್ದಾಳೆ." ಮೂರನೆಯ ಸಲಕ್ಕೆ ಆಕೆ, "ನನ್ನ ತಂದೆಯ ಅಪ್ಪಣೆಯೊಂದಿಗೆ, ಹೌದು" ಎನ್ನಬೇಕು. ಅದಕ್ಕೂ ಮೊದಲೇ ಒಪ್ಪಿದರೆ ಹುಡುಗಿಗೆ ಅವಸರ ಎಂದು ಜನ ಆಡಿಕೊಳ್ಳುತ್ತಾರಂತೆ. ಮುದ್ದೇಬಿಹಾಳದಲ್ಲಿ ನನ್ನ ನಿಕಾಹದ ದಿನ ಒಪ್ಪಿಗೆ ಪಡೆಯಲು ನೇಮಿಸಿದ ಹಿರಿಯರು, ನಮ್ಮ ಮಾತಿನಲ್ಲಿ ವಕೀಲರು, ಕೇಳಿದಾಗ ಒಂದೇ ಸಲಕ್ಕೆ ಹೂಂ ಎನ್ನಲೆಂದು ಸೋದರತ್ತೆ ಫೂಫು ನನ್ನ ತೊಡೆಗೆ ಚಿವುಟಿದ್ದರು. ಎಂಥ ಪದ್ಧತಿಗಳು!

ಆದರೆ ಈ ದಿನ ಮೂರನೆಯ ಸಲವೂ ಮರಿಯಮ್ ಬಾಯಿ ಬಿಡಲಿಲ್ಲವಂತೆ. ಅಪ್ಪ ಇಲ್ಲದೆ ಅಪ್ಪನ ಅಪ್ಪಣೆ ಎಂದು ಹೇಗೆ ಹೇಳಲಿ ಎಂದು ಕೂತುಬಿಟ್ಟಳಂತೆ. ಗಂಡಿನ ಕಡೆಯವರು ಗೊಣಗುತ್ತಿದ್ದರು. ಹೆಂಗಸರು ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತ ಬಂದಿದ್ದರು. ಮದುಮಗಳು ಗೋರಂಟಿ ತರಲು ಹೋಗಿದ್ದಾಳೆ. ಮದುಮಗಳು ಜೇನು ತರಲು ಹೋಗಿದ್ದಾಳೆ. ಕೊನೆಗೆ ಒಬ್ಬ ಅಜ್ಜಿ, "ಮದುಮಗಳು ಕರ್ಬಲಾ ಯಾತ್ರೆಗೆ ಹೋಗಿದ್ದಾಳೆ, ಕಾಲುನಡಿಗೆಯಲ್ಲಿ" ಎಂದಳಂತೆ. ಮುಲ್ಲಾ ಇನ್ನೊಂದೇ ಸಲ ಕೇಳುತ್ತೇನೆ, ಆಮೇಲೆ ಹೊರಡುತ್ತೇನೆ ಎಂದಿದ್ದ. ಅದೇ ಹೊತ್ತಿಗೆ ನಾನು ಒಳಗೆ ಬಂದದ್ದು.

ಮರಿಯಮ್ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿದಳು. ಗುರುತಿಲ್ಲದ ದೇಶದ ಗುರುತಿಲ್ಲದ ಹೆಂಗಸು, ಸೀರೆಯ ಅಂಚಿಗೆಲ್ಲ ಗ್ರೀಸು. ಏನು ಅರ್ಥವಾಯಿತೋ, ಕುತ್ತಿಗೆ ನೆಟ್ಟಗಾಯಿತು.

ಪರದೆಯಾಚೆ ಬಾಗಿಲು ತೆರೆದ ಸದ್ದು. ಹೊಸ ಬೂಟಿನ ಕಿರ್ ಕಿರ್. ಓಡಿ ಬಂದವನ ದಮ್ಮು. ಆಮೇಲೆ ಹಸನ್ ಆಗಾನ ದಪ್ಪ ದನಿ, ಅವರ ಮನೆಮಾತಿನಲ್ಲಿ ಒಂದೇ ಒಂದು ಶಬ್ದ:

"ಗೆಲ್ದಿಮ್."

ಬಂದೆ ಎಂದರ್ಥವಂತೆ. ನನ್ನ ಕನ್ನಡದ ಕಿವಿಗೆ ಅದು ಗೆದ್ದೆ ಎಂದು ಕೇಳಿಸಿತು, ಹಾಗೆ ಕೇಳಿಸಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸಿಲ್ಲ.

ಹುಡುಗಿಯರು ಬಟ್ಟೆಯನ್ನು ಎತ್ತಿ ಹಿಡಿದರು. ಅಜ್ಜಿ ಹೊಸ ಸುಳ್ಳೊಂದನ್ನು ಹೇಳಲು ಬಾಯಿ ಸಜ್ಜು ಮಾಡಿಕೊಂಡಳು. ಮುಲ್ಲಾ ಗಂಟಲು ಸರಿಪಡಿಸಿಕೊಂಡು, ಹೆಸರು ಹಿಡಿದು ಕೇಳಲು ಇನ್ನೂ ಉಸಿರೆಳೆದುಕೊಳ್ಳುತ್ತಿದ್ದ.

"ಹೌದು!" ಎಂದಳು ಮರಿಯಮ್, ಇಡೀ ಓಣಿಗೆ ಕೇಳುವ ಹಾಗೆ. "ನನ್ನ ತಂದೆಯ ಅಪ್ಪಣೆಯೊಂದಿಗೆ, ಹೌದು!"

ಮುಲ್ಲಾ ಇನ್ನೂ ಕೇಳಿಯೇ ಇರಲಿಲ್ಲ.